ವಾರ್ತೆಯೂ ಸಂಭಾಷಣೆಯೂ: ತಾರ್ದನ ಲೋಕಾಭಿಪ್ರಾಯವಾದದ ವಿಮರ್ಶೆ

೧

ಪ್ರಜಾಪ್ರಭುತ್ವವು ಹೊಸದಾಗಿ ಬೇರೂರುತ್ತಿರುವ ದೇಶಗಳಲ್ಲಿ, ಆಳಿಸಿಕೊಳ್ಳುವ ಪ್ರಜೆಯು ಆಳ್ವಿಕೆಯಲ್ಲಿ ಪಾಲುಗೊಳ್ಳುವ ಪೌರನಾಗಿ ಮಾರ್ಪಡುವುದು ಹೇಗೆಂಬುದು ರಾಜ್ಯಶಾಸ್ತ್ರದ ಮುಖ್ಯ ಪ್ರಶ್ನೆಗಳಲ್ಲೊಂದು. ಮತದಾನದ ಹಕ್ಕನ್ನು ಶಾಸನವು ಕೊಡಬಲ್ಲುದು. ಆ ಹಕ್ಕನ್ನು ಬಳಸುವ ಮನಸ್ಸನ್ನು ಕೊಡಲಾರದು. ಆ ಮನಸ್ಸು ಎಲ್ಲಿಂದ ಹುಟ್ಟುತ್ತದೆಂದು ಕೇಳಿದರೆ ವಿದ್ವಾಂಸರು ಸಾಮಾನ್ಯವಾಗಿ ಎರಡು ಕಾರಣಗಳನ್ನು ಹೇಳುತ್ತಾರೆ. ಲೋಕವ್ಯವಹಾರವನ್ನು ತಿಳಿಸುವ ವಾರ್ತೆ ಒಂದು. ಆ ವಾರ್ತೆಯನ್ನು ಕುರಿತು ಜನರು ತಮ್ಮತಮ್ಮಲ್ಲಿ ನಡೆಸುವ ಸಂಭಾಷಣೆ ಮತ್ತೊಂದು. ಇವೆರಡರ ಸಂಬಂಧವೆಂಥದು, ಯಾವುದು ಮೊದಲು, ಯಾವುದು ಬಲವತ್ತರ ಎಂಬಲ್ಲಿ ಮಾತ್ರ ಒಮ್ಮತವಿಲ್ಲ.

ಈ ಸಂಬಂಧವನ್ನು ಶಾಸ್ತ್ರೀಯವಾಗಿ ವಿವೇಚಿಸಿದವರಲ್ಲಿ ಫ್ರಾನ್ಸ್ ದೇಶದ ಗಾಬ್ರಿಯೆಲ್ ತಾರ್ದನು (೧೮೪೩–೧೯೦೪) ಮೊದಲಿಗರಲ್ಲೊಬ್ಬನು. ಬಹುಕಾಲ ನ್ಯಾಯಾಧಿಕಾರಿಯಾಗಿದ್ದು ಕಡೆಗೆ ಪ್ರಾಧ್ಯಾಪಕನಾದ ಈತನು ೧೯೦೧ರಲ್ಲಿ ಲೋಕಾಭಿಪ್ರಾಯ ಮತ್ತು ಜನಸಂದಣಿಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಪತ್ರಿಕೆಯು ದೂರದೂರದಲ್ಲಿರುವ ಸಾವಿರಾರು ಜನರಿಗೆ ಒಂದೇ ದಿನ ಒಂದೇ ವಿಷಯವನ್ನು ಒದಗಿಸುತ್ತದೆ. ಆ ವಿಷಯವು ಮನೆಮನೆಯ ಮಾತಾಗುತ್ತದೆ. ಮಾತು ಒರೆಗಲ್ಲಿನಂತೆ ಅಭಿಪ್ರಾಯವನ್ನು ತೀಡುತ್ತದೆ. ತೀಡಿದ ಅಭಿಪ್ರಾಯವು ಕಾರ್ಯಕ್ಕೆ ಪ್ರೇರಕವಾಗುತ್ತದೆ. ಇದು ಅವನ ಸಿದ್ಧಾಂತದ ಸಾರ. ಮುಂದಿನ ವಿದ್ವಾಂಸರು ಇದನ್ನು ಪತ್ರಿಕೆ, ಸಂಭಾಷಣೆ, ಅಭಿಪ್ರಾಯ, ಕಾರ್ಯ ಎಂಬ ನಾಲ್ಕು ಕೊಂಡಿಗಳ ಸರಪಣಿಯಾಗಿ ಸಂಗ್ರಹಿಸಿರುವರು. ಈ ಸರಪಣಿಯು ಕನ್ನಡ ನಾಡಿನ ಮತ್ತು ಭಾರತದ ಅನುಭವಕ್ಕೆ ಎಷ್ಟರಮಟ್ಟಿಗೆ ಒಪ್ಪುತ್ತದೆಂಬುದೇ ಇಲ್ಲಿಯ ವಿಚಾರ.

ತಾರ್ದನ ವಾದವು ಹುಟ್ಟಿದ ಕಾಲದೇಶಗಳನ್ನು ಮೊದಲು ಗಮನಿಸಬೇಕು. ಅದು ಡ್ರೈಫಸ್ ಪ್ರಕರಣದ ಕಾಲ. ೧೮೯೮ರ ಜನವರಿಯಲ್ಲಿ ಎಮಿಲ್ ಜೋಲಾನ ಬಹಿರಂಗ ಪತ್ರವು ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಫ್ರಾನ್ಸಿನ ಊಟದ ಮೇಜುಗಳೆಲ್ಲ ವಾದರಂಗಗಳಾಗಿದ್ದವು. ಅಲ್ಲಿಯ ಗಂಡಸರಿಗೆ ೧೮೪೮ರಿಂದಲೇ ಮತಾಧಿಕಾರವಿತ್ತು. ಜನರಲ್ಲಿ ಬಹುಪಾಲು ಅಕ್ಷರ ಬಲ್ಲವರು. ಪತ್ರಿಕೆಯ ಬೆಲೆಯೂ ಅಗ್ಗ. ಓದು ಬಂದವರ ಕೈಗೆ ಪತ್ರಿಕೆ, ಮತವುಳ್ಳವರ ಬಾಯಿಗೆ ಮಾತು ಎಂಬ ಅನುಕೂಲಗಳೆರಡೂ ಮೊದಲೇ ಸಿದ್ಧವಾಗಿದ್ದ ಸಮಾಜದಲ್ಲಿ ಸರಪಣಿಯ ಕೊಂಡಿಗಳು ತಾವಾಗಿ ಹೊಂದಿಕೊಂಡಂತೆ ಕಂಡುದು ಸಹಜ. ಈ ಅನುಕೂಲಗಳಿಲ್ಲದ ಕಡೆಯಲ್ಲಿ ಏನಾಗುವುದೆಂಬುದನ್ನು ತಾರ್ದನು ಪರಿಶೀಲಿಸಲಿಲ್ಲ.

೨

ಅವನ ವಾದದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಂಭಾಷಣೆಯೆಂದರೆ ತತ್‌ಕ್ಷಣದ ಪ್ರಯೋಜನವನ್ನು ಬಯಸದ ಮಾತು ಎಂಬುದು ಅವನ ಲಕ್ಷಣವಾಕ್ಯದ ತಾತ್ಪರ್ಯ. ಮಾತಿನ ಸಲುವಾಗಿಯೇ ಆಡುವ ಮಾತು, ಸಮಾನರು ವಿರಾಮದಲ್ಲಿ ನಡೆಸುವ ಸಲ್ಲಾಪ, ಅದೇ ನಿಜವಾದ ಸಂಭಾಷಣೆ. ವ್ಯಾಪಾರದ ಮಾತು, ನ್ಯಾಯಸ್ಥಾನದ ಮಾತು, ಬೇಡಿಕೆಯ ಮಾತು ಇವೆಲ್ಲ ಆ ಲಕ್ಷಣದಿಂದ ಹೊರಗೆ ಉಳಿಯುತ್ತವೆ.

ಈ ಬಹಿಷ್ಕಾರವು ಯುಕ್ತವೇ ಎಂಬುದನ್ನು ತೂಗಿ ನೋಡಲು ಭಾರತೀಯ ಶಬ್ದಸಂಪತ್ತೇ ಒಂದು ತಕ್ಕಡಿಯನ್ನು ಒದಗಿಸುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆನ್ವೀಕ್ಷಿಕೀ, ತ್ರಯೀ, ವಾರ್ತಾ, ದಂಡನೀತಿ ಎಂದು ವಿದ್ಯೆಗಳು ನಾಲ್ಕು. ಅಲ್ಲಿ ವಾರ್ತೆಯೆಂದರೆ ಕೃಷಿ, ಪಶುಪಾಲನೆ, ವಾಣಿಜ್ಯಗಳನ್ನು ಕುರಿತ ವಿದ್ಯೆ. ಎಂದರೆ ಜೀವನವೃತ್ತಿಯ ವಿಚಾರ. ಅದೇ ಪದವು ಸಮಾಚಾರವೆಂಬ ಅರ್ಥದಲ್ಲಿಯೂ ರೂಢವಾಯಿತು. ಕನ್ನಡದ ‘ಸುದ್ದಿ’ಯಾದರೋ ‘ಶುದ್ಧಿ’ಯ ತದ್ಭವ. ಶಬ್ದವ್ಯುತ್ಪತ್ತಿಯಿಂದ ರಾಜ್ಯಶಾಸ್ತ್ರವನ್ನು ಸಾಧಿಸಲಾಗದೆಂಬುದು ನಿಜ. ಆದರೂ ಬದುಕಿನ ದಾರಿಯನ್ನೂ ಲೋಕದ ಸಮಾಚಾರವನ್ನೂ ಒಂದೇ ಪದದಿಂದ ಹೇಳುವ ಜನರು, ಹೊಟ್ಟೆಪಾಡಿನ ಮಾತನ್ನೂ ಸಾರ್ವಜನಿಕ ಮಾತನ್ನೂ ಗೆರೆ ಕೊಯ್ದು ಬೇರ್ಪಡಿಸಿಕೊಂಡವರಲ್ಲ ಎಂದು ಊಹಿಸುವುದು ತಪ್ಪಾಗದು. ಕೆರೆಯ ನೀರು, ಕಂದಾಯದ ಕಂತು, ರಾಗಿಯ ಧಾರಣೆ, ಕಾಡಿನ ಸೌದೆ ಇವುಗಳನ್ನು ಕುರಿತು ಚಾವಡಿಯಲ್ಲಿ ನಡೆಯುವ ಮಾತು ತಾರ್ದನ ಲಕ್ಷಣದಂತೆ ಸಂಭಾಷಣೆಯೇ ಅಲ್ಲ. ರಾಜಕೀಯವು ಗ್ರಾಮವನ್ನು ಪ್ರವೇಶಿಸುವುದಾದರೋ ಈ ಬಾಗಿಲಿನಿಂದಲೇ.

೩

ಮೈಸೂರು ಸಂಸ್ಥಾನದ ಚರಿತ್ರೆಯು ಈ ಮಾತಿಗೆ ಮೊದಲ ನಿದರ್ಶನ. ಕನ್ನಡದ ಮೊದಲ ಪತ್ರಿಕೆಯೆಂದು ಪ್ರಸಿದ್ಧವಾದ ‘ಮಂಗಳೂರ ಸಮಾಚಾರ’ವನ್ನು ಹೆರ್ಮನ್ ಮೋಗ್ಲಿಂಗನು ಮಂಗಳೂರಿನಲ್ಲಿ ೧೮೪೩ರಲ್ಲಿ, ಎಂದರೆ ತಾರ್ದನು ಹುಟ್ಟಿದ ವರ್ಷದಲ್ಲಿಯೇ, ಕಲ್ಲಚ್ಚಿನಲ್ಲಿ ಹೊರಡಿಸಿದನು. ಆದರೂ ಕನ್ನಡ ಪತ್ರಿಕೆಯು ಊರೂರಿನ ವಾಡಿಕೆಯಾಗಲು ಅನೇಕ ದಶಕಗಳು ಹಿಡಿದವು. ಅದಕ್ಕೆ ಮೊದಲೇ, ೧೮೮೧ರ ಅಕ್ಟೋಬರ್ ೭ರಂದು, ದಿವಾನ್ ರಂಗಾಚಾರ್ಲು ಅವರ ಪ್ರಯತ್ನದಿಂದ ಮೈಸೂರು ಪ್ರಜಾಪ್ರತಿನಿಧಿ ಸಭೆಯು ೧೪೪ ಮಂದಿ ಸದಸ್ಯರೊಡನೆ ಸೇರಿತು. ಸದಸ್ಯರಲ್ಲಿ ಹೆಚ್ಚಿನವರು ಭೂಮಾಲಿಕರೂ ವರ್ತಕರೂ ಆಗಿದ್ದರು. ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಸರ್ಕಾರದ ಉದ್ದೇಶಗಳನ್ನು ಪ್ರಜೆಗಳಿಗೆ ತಿಳಿಯಪಡಿಸುವುದು, ಪ್ರಜೆಗಳ ಇಷ್ಟಾನಿಷ್ಟಗಳನ್ನು ಸರ್ಕಾರಕ್ಕೆ ಅರಿಕೆಮಾಡುವುದು, ಇವೆರಡೇ ಅದರ ಕಾರ್ಯ.

ಇಲ್ಲಿ ಸರಪಣಿಯು ತಲೆಕೆಳಗಾಗಿದೆ. ಪತ್ರಿಕೆಯು ಪ್ರಬಲವಾಗುವ ಮೊದಲೇ ಮಾತಿಗೆ ಒಂದು ಮಂದಿರವು ಏರ್ಪಟ್ಟಿತು. ವರ್ಷಕ್ಕೊಮ್ಮೆ ದಸರೆಯ ಸಮಯದಲ್ಲಿ ದಿವಾನರ ವರದಿಯನ್ನು ಕೇಳಿ ಊರಿಗೆ ಮರಳಿದ ಪ್ರತಿನಿಧಿಯೇ ತನ್ನ ತಾಲ್ಲೂಕಿಗೆ ಪತ್ರಿಕೆಯಾದನು. ಅವನು ತಂದ ಸಮಾಚಾರವೂ ಅವನು ಕೊಂಡೊಯ್ದ ಅಹವಾಲೂ ರಸ್ತೆ, ನೀರಾವರಿ, ಅರಣ್ಯ, ತೆರಿಗೆಗಳಿಗೆ ಸಂಬಂಧಪಟ್ಟವು. ಕೌಟಿಲ್ಯನ ಅರ್ಥದ ವಾರ್ತೆಯೇ ಅವುಗಳ ವಸ್ತು. ಸಭೆಗೆ ಚುನಾವಣೆಯು ೧೮೯೧ರಲ್ಲಿ ಬಂದಿತು. ಸ್ತ್ರೀಯರಿಗಿದ್ದ ಅಡ್ಡಿಯು ೧೯೨೩ರ ಸುಧಾರಣೆಯಿಂದ ನಿವಾರಣೆಯಾಯಿತು. ಅರಿಕೆಯ ಮಾತು ಹಕ್ಕಿನ ಮಾತಾಗಲು ನಲವತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು.

ಇಷ್ಟು ಕಾಲ ಹಿಡಿದುದಕ್ಕೆ ಕಾರಣವೇನು? ಸಂಸ್ಥಾನದ ರಾಜಕೀಯ ವ್ಯವಸ್ಥೆಯೇ ಮುಖ್ಯ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಾತಿಗೆ ವಾರ್ತೆಯ ಬೆಂಬಲವು ದೃಢವಾಗಿ ದೊರೆಯದೆ ಹೋದುದೂ ಒಂದು ಕಾರಣ. ಎಂ. ವೆಂಕಟಕೃಷ್ಣಯ್ಯನವರು (೧೮೪೪–೧೯೩೩) ‘ವೃತ್ತಾಂತ ಚಿಂತಾಮಣಿ’ ಮೊದಲಾದ ಪತ್ರಿಕೆಗಳಿಂದ ಆ ಬೆಂಬಲವನ್ನು ಕಟ್ಟುತ್ತಿದ್ದರು. ಪತ್ರಿಕೆಗಳ ಮೇಲೆ ಸರ್ಕಾರದ ಅಂಕೆಯನ್ನು ಬಿಗಿಗೊಳಿಸಿದ ೧೯೦೮ರ ಶಾಸನವು ಬಂದಾಗ ಅದನ್ನು ಪ್ರತಿಭಟಿಸಿ ಅವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಸಭೆಯು ನಿಲ್ಲಲಿಲ್ಲ, ಅಹವಾಲುಗಳು ಎಂದಿನಂತೆ ನಡೆದವು. ಆದರೆ ಒಂದು ತಾಲ್ಲೂಕಿನ ಅಹವಾಲನ್ನು ಇನ್ನೊಂದು ತಾಲ್ಲೂಕಿನ ಅಹವಾಲಿನೊಡನೆ ಹೋಲಿಸಿ, ಇದು ಒಬ್ಬರ ಕಷ್ಟವಲ್ಲ, ನೀತಿಯ ದೋಷ ಎಂದು ತೋರಿಸುವ ಕೆಲಸವು ಪತ್ರಿಕೆಯಿಲ್ಲದೆ ಸಾಗದು. ಪತ್ರಿಕೆಯಿಲ್ಲದ ಮಾತು ಅರಿಕೆಯಾಗಿಯೇ ಉಳಿಯುತ್ತದೆ. ಈ ಅಂಶದಲ್ಲಿ ತಾರ್ದನ ವಾದವು ಸಾಧುವಾದುದೇ.

೪

ಎರಡನೆಯ ನಿದರ್ಶನವು ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ. ಇದು ೧೯೫೧ರ ಅಕ್ಟೋಬರಿನಿಂದ ೧೯೫೨ರ ಫೆಬ್ರವರಿಯವರೆಗೆ ನಡೆಯಿತು. ಮತದಾರರು ೧೭ ಕೋಟಿಗೂ ಮೇಲ್ಪಟ್ಟು. ೧೯೫೧ರ ಜನಗಣತಿಯಂತೆ ಅಕ್ಷರಸ್ಥರು ನೂರಕ್ಕೆ ಸುಮಾರು ೧೮. ಸ್ತ್ರೀಯರಲ್ಲಿ ನೂರಕ್ಕೆ ೯ಕ್ಕೂ ಕಡಿಮೆ. ಮತ ಕೊಟ್ಟವರು ನೂರಕ್ಕೆ ಸುಮಾರು ೪೫. ಆಕಾಶವಾಣಿಯಲ್ಲಿ ಪಕ್ಷಗಳಿಗೆ ಚುನಾವಣಾ ಭಾಷಣದ ಅವಕಾಶವು ದೊರೆತುದು ೧೯೭೭ರಲ್ಲಿ. ಆದಕಾರಣ ಬಾನುಲಿಯ ಪ್ರಚಾರವನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮತಗಟ್ಟೆಗೆ ನಡೆದು ಬಂದವರಲ್ಲಿ ಬಹುಮಂದಿ ಯಾವ ಪತ್ರಿಕೆಯನ್ನೂ ಓದಿದವರಲ್ಲವೆಂಬುದು ಈ ಅಂಕಿಗಳಿಂದಲೇ ಸ್ಪಷ್ಟ. ಚುನಾವಣಾ ಆಯೋಗವು ಎತ್ತಿನ ಜೋಡಿ, ಗುಡಿಸಲು ಮೊದಲಾದ ಚಿಹ್ನೆಗಳನ್ನು ಏರ್ಪಡಿಸಿದುದು ಓದದ ಈ ಮತದಾರರ ಸಲುವಾಗಿಯೇ.

ಹಾಗಾದರೆ ಪತ್ರಿಕೆಯ ಪ್ರಭಾವವು ಶೂನ್ಯವೇ? ಹಾಗೆನ್ನಲಾಗದು. ಇಲ್ಲಿ ಅಮೆರಿಕದ ಒಂದು ಸಂಶೋಧನೆಯು ನೆರವಿಗೆ ಬರುತ್ತದೆ. ೧೯೪೦ರ ಅಧ್ಯಕ್ಷ ಚುನಾವಣೆಯ ಕಾಲದಲ್ಲಿ ಲಾಜರ್ಸ್‌ಫೆಲ್ಡ್, ಬೆರೆಲ್ಸನ್, ಗೊಡೆ ಎಂಬ ಮೂವರು ಓಹಾಯೋ ಸಂಸ್ಥಾನದ ಈರಿ ಕೌಂಟಿಯ ೬೦೦ ಮತದಾರರನ್ನು ತಿಂಗಳು ತಿಂಗಳೂ ಪ್ರಶ್ನಿಸಿ, ೧೯೪೪ರಲ್ಲಿ ‘ದಿ ಪೀಪಲ್ಸ್ ಚಾಯ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಪತ್ರಿಕೆ ಮತ್ತು ರೇಡಿಯೋಗಳ ವಿಚಾರಗಳು ಮೊದಲು ಕೆಲವು ಮುಂದಾಳುಗಳನ್ನು ಮುಟ್ಟಿ, ಅವರ ಮಾತಿನ ಮೂಲಕ ಉಳಿದವರನ್ನು ಸೇರುತ್ತವೆಂದು ಅವರು ಊಹಿಸಿದರು. ಇದನ್ನು ಕಾಟ್ಸ್ ಮತ್ತು ಲಾಜರ್ಸ್‌ಫೆಲ್ಡರು ೧೯೫೫ರಲ್ಲಿ ಇನ್ನೊಂದು ಗ್ರಂಥದಲ್ಲಿ ವಿಸ್ತರಿಸಿದರು. ಒಬ್ಬನು ಓದಿ ಹತ್ತು ಮಂದಿ ಕೇಳುವ ರೂಢಿಯು ಪುರಾಣವಾಚನವನ್ನೂ ಗಮಕವನ್ನೂ ಬಲ್ಲ ಕನ್ನಡ ಗ್ರಾಮಗಳಿಗೆ ಹೊಸದಲ್ಲ. ಅಂಗಡಿಯ ಕಟ್ಟೆಯ ಮೇಲೆ ಶಾಲೆಯ ಉಪಾಧ್ಯಾಯನು ಓದಿ ಹೇಳಿದ ಪತ್ರಿಕೆಗೆ ಓದುಗರು ಒಬ್ಬರಾದರೂ ಶ್ರೋತೃಗಳು ಅನೇಕರು. ಈ ಮಟ್ಟಿಗೆ ಅಮೆರಿಕದ ವಾದವು ಭಾರತಕ್ಕೆ ಒಪ್ಪುತ್ತದೆ.

ಒಪ್ಪದಿರುವ ಅಂಶವೇ ಹೆಚ್ಚು ಮುಖ್ಯವಾದುದು. ಈರಿ ಕೌಂಟಿಯ ಮುಂದಾಳುವು ಆಯಾ ವರ್ಗದಲ್ಲಿಯೇ, ಸಮಾನರ ನಡುವೆಯೇ ಇದ್ದವನು. ಅವನ ಮಾತನ್ನು ಕೇಳದಿದ್ದವನಿಗೆ ಹಾನಿಯಿಲ್ಲ. ಭಾರತದ ಗ್ರಾಮದಲ್ಲಿ ಓದಿ ಹೇಳುವವನೂ, ಸಾಲ ಕೊಡುವವನೂ, ಗುತ್ತಿಗೆಗೆ ಭೂಮಿ ಕೊಡುವವನೂ ಅನೇಕ ವೇಳೆ ಒಬ್ಬನೇ. ಜಗಲಿಯ ಮೇಲೆ ಯಾರು ಕೂರಬಹುದು, ಅಂಗಳದಲ್ಲಿ ಯಾರು ನಿಲ್ಲಬೇಕು ಎಂಬುದನ್ನು ಜಾತಿಯು ನಿಶ್ಚಯಿಸಿತ್ತು. ಅಲ್ಲಿ ನಡೆಯುವುದು ಸಂಭಾಷಣೆಯೋ ಅಪ್ಪಣೆಯೋ ಎಂಬುದನ್ನು ಹೊರಗಿನವರು ಹೇಳುವುದು ಕಷ್ಟ. ಅಪ್ಪಣೆಯಿಂದಲೂ ಮತಪೆಟ್ಟಿಗೆಯು ತುಂಬುತ್ತದೆ. ಆದರೆ ಅದರಿಂದ ಪೌರನು ಹುಟ್ಟುವುದಿಲ್ಲ.

ಸ್ತ್ರೀಯರ ವಿಷಯದಲ್ಲಿ ಈ ದೋಷವು ಅಂಕಿಯ ರೂಪದಲ್ಲಿಯೇ ಕಾಣುತ್ತದೆ. ಮೊದಲ ಮತದಾರರ ಪಟ್ಟಿಯನ್ನು ಸಿದ್ಧಪಡಿಸುವಾಗ ಉತ್ತರದ ಕೆಲವು ಪ್ರಾಂತಗಳಲ್ಲಿ ಅನೇಕ ಸ್ತ್ರೀಯರು ತಮ್ಮ ಹೆಸರನ್ನು ಹೇಳದೆ, ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಯಿಸಿದರು. ಸ್ವಂತ ಹೆಸರಿಲ್ಲದ ಇಂಥ ಸುಮಾರು ೨೮ ಲಕ್ಷ ನಮೂದುಗಳನ್ನು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರ ಆಯೋಗವು ಪಟ್ಟಿಯಿಂದ ತೆಗೆಯಬೇಕಾಯಿತು. ಪತ್ರಿಕೆಯು ಇವರನ್ನು ಮುಟ್ಟಲಿಲ್ಲ. ಮನೆಯೊಳಗಿನ ಮಾತು ಇವರಿಗೆ ತಮ್ಮ ಹೆಸರನ್ನು ಹೇಳುವ ಧೈರ್ಯವನ್ನೂ ಕೊಡಲಿಲ್ಲ. ಸಂಭಾಷಣೆಯು ತಾನಾಗಿಯೇ ಪೌರತ್ವವನ್ನು ಬೆಳೆಸುತ್ತದೆಂಬ ಮಾತಿಗೆ ಇದಕ್ಕಿಂತ ಬಲವಾದ ಆಕ್ಷೇಪವು ಸಿಗಲಾರದು. ಸಂಭಾಷಣೆಯ ಗುಣವು ಅದರಲ್ಲಿ ಸೇರಿದವರ ಸ್ಥಾನವನ್ನು ಅವಲಂಬಿಸಿದೆ.

೫

ಮೂರನೆಯ ನಿದರ್ಶನದಲ್ಲಿ ಚರಿತ್ರೆಯೇ ಒಂದು ಪ್ರಯೋಗವನ್ನು ನಡೆಸಿದಂತಿದೆ. ೧೯೭೫ರ ಜೂನ್ ೨೫ರಂದು ಘೋಷಿತವಾದ ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳು ಸರ್ಕಾರದ ಪೂರ್ವಪರಿಶೀಲನೆಗೆ ಒಳಗಾದವು. ಅದೇ ತಿಂಗಳ ೨೮ರಂದು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯು ಸಂಪಾದಕೀಯದ ಸ್ಥಳವನ್ನು ಬರಿದಾಗಿ ಬಿಟ್ಟಿತು. ತಾರ್ದನ ಸರಪಣಿಯ ಮೊದಲ ಕೊಂಡಿಯನ್ನೇ ಕಳಚಿದಂತಾಯಿತು. ಅವನ ವಾದವು ಪೂರ್ಣವಾಗಿ ಸತ್ಯವಾಗಿದ್ದರೆ ಸಂಭಾಷಣೆಯು ಬಾಡಿ, ಅಭಿಪ್ರಾಯವು ಚದರಿ, ಕಾರ್ಯವು ಕುಗ್ಗಬೇಕಾಗಿತ್ತು.

ಆದುದು ಹಾಗಲ್ಲ. ೧೯೭೭ರ ಮಾರ್ಚಿನ ಚುನಾವಣೆಯಲ್ಲಿ ಮತ ಕೊಟ್ಟವರ ಪ್ರಮಾಣವು ೧೯೭೧ರಲ್ಲಿದ್ದ ನೂರಕ್ಕೆ ಸುಮಾರು ೫೫ರಿಂದ ೬೦ಕ್ಕೆ ಏರಿತು. ಆಳುತ್ತಿದ್ದ ಪಕ್ಷವು ೧೫೪ ಸ್ಥಾನಗಳಿಗೆ ಇಳಿದು ಅಧಿಕಾರವನ್ನು ಕಳೆದುಕೊಂಡಿತು. ೧೯೭೬–೭೭ರ ಒಂದೇ ವರ್ಷದಲ್ಲಿ ನಡೆದ ೮೦ ಲಕ್ಷಕ್ಕೂ ಮಿಕ್ಕ ಸಂತಾನಹರಣ ಶಸ್ತ್ರಚಿಕಿತ್ಸೆಗಳಲ್ಲಿ ಬಲಾತ್ಕಾರವೆಷ್ಟಿತ್ತೆಂಬುದನ್ನು ಪತ್ರಿಕೆಗಳು ಹೇಳದಿದ್ದರೂ ಉತ್ತರ ಭಾರತದ ಹಳ್ಳಿಗಳು ಬಲ್ಲವಾಗಿದ್ದವು. ಬಾಯಿಂದ ಬಾಯಿಗೆ ಹರಿದ ಮಾತೇ ಅಲ್ಲಿ ವಾರ್ತೆಯಾಯಿತು. ಚುನಾವಣೆಯು ಘೋಷಿತವಾದ ಜನವರಿ ೧೮ರ ನಂತರ ಪತ್ರಿಕೆಗಳ ಮೇಲಣ ಬಿಗಿಯು ಸಡಿಲವಾಯಿತೆಂಬುದೂ ನಿಜವೇ. ಆದರೆ ಹದಿನೆಂಟು ತಿಂಗಳು ಮಡುಗಟ್ಟಿದ್ದ ಅಭಿಪ್ರಾಯವು ಎರಡು ತಿಂಗಳ ಓದಿನಿಂದ ಹುಟ್ಟಿತೆನ್ನುವುದು ಯುಕ್ತವಾಗಲಾರದು.

ಇಷ್ಟಕ್ಕೆ ನಿಂತರೆ ಸಂಭಾಷಣೆಯೇ ಸರ್ವಸಮರ್ಥವೆಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಕರ್ನಾಟಕದ ಫಲಿತಾಂಶವು ಅದಕ್ಕೆ ಅಡ್ಡ ಬರುತ್ತದೆ. ಅದೇ ಚುನಾವಣೆಯಲ್ಲಿ ಇಲ್ಲಿಯ ೨೮ ಸ್ಥಾನಗಳಲ್ಲಿ ೨೬ನ್ನು ಆ ಪಕ್ಷವೇ ಗೆದ್ದಿತು. ಕನ್ನಡ ನಾಡಿನ ಮತದಾರನು ಉತ್ತರದವನಿಗಿಂತ ಅವಿವೇಕಿಯೆಂದು ಇದರ ಅರ್ಥವಲ್ಲ. ಅವನ ಚಾವಡಿಯ ಮಾತು ಬೇರೆಯಾಗಿತ್ತು. ಬಲಾತ್ಕಾರದ ಉಗ್ರತೆಯನ್ನು ದಕ್ಷಿಣವು ಉತ್ತರದಷ್ಟು ಅನುಭವಿಸಿರಲಿಲ್ಲ. ದೇವರಾಜ ಅರಸರ ಸರ್ಕಾರವು ೧೯೭೪ರಲ್ಲಿ ಜಾರಿಗೆ ತಂದ ಭೂಸುಧಾರಣೆಯು ಗೇಣಿದಾರನ ಮನೆಬಾಗಿಲಿಗೆ ಬಂದಿತ್ತು. ತನ್ನ ಹೊಲದ ಒಡೆತನವನ್ನು ಕುರಿತು ಅವನು ಮಾತಾಡಿದನು. ಅದರಂತೆ ಮತವನ್ನೂ ಕೊಟ್ಟನು. ದೂರದ ದೆಹಲಿಯ ತುರ್ಕಮಾನ್ ಗೇಟಿನಲ್ಲಿ ೧೯೭೬ರ ಏಪ್ರಿಲಿನಲ್ಲಿ ನಡೆದ ಗೋಲಿಬಾರು ಅವನಿಗೆ ಸಮೀಪದ ಸಂಗತಿಯಾಗಬೇಕಾದರೆ ಸ್ವತಂತ್ರವಾದ ಪತ್ರಿಕೆಯು ಬೇಕಾಗಿತ್ತು. ಅದು ಆಗ ಇರಲಿಲ್ಲ.

ಈ ಎರಡು ಫಲಿತಾಂಶಗಳನ್ನು ಒಟ್ಟಿಗೆ ಓದಿದಾಗ ವಾರ್ತೆ ಮತ್ತು ಸಂಭಾಷಣೆಗಳ ಅಧಿಕಾರಕ್ಷೇತ್ರಗಳು ವಿಂಗಡವಾಗುತ್ತವೆ. ಸಮೀಪದ ಅನುಭವವನ್ನು ಸಾಮಾನ್ಯ ಅಭಿಪ್ರಾಯವನ್ನಾಗಿ ಮಾಡಲು ಸಂಭಾಷಣೆಯೇ ಸಾಕು. ಅದಕ್ಕೆ ಪತ್ರಿಕೆಯ ಅಪ್ಪಣೆ ಬೇಕಿಲ್ಲ. ಆದರೆ ನೆರೆಯವನ ಗಾಯಕ್ಕೆ ಮರುಗುವವನು ಕಾಣದ ನಾಡಿನವನ ಗಾಯಕ್ಕೂ ಮರುಗಬೇಕಾದರೆ ವಾರ್ತೆಯು ಬೇಕು. ಮೊದಲನೆಯದು ಗ್ರಾಮಕ್ಕೆ ಪೌರನನ್ನು ಕೊಡುತ್ತದೆ, ಎರಡನೆಯದು ರಾಷ್ಟ್ರಕ್ಕೆ. ತಾರ್ದನು ಇವೆರಡನ್ನೂ ಒಂದರ ಹಿಂದೊಂದು ಇರಿಸಿದನು. ಇವು ಅಕ್ಕಪಕ್ಕದಲ್ಲಿ ನಿಂತು ದುಡಿಯತಕ್ಕವುಗಳು; ಒಂದರ ಕೆಲಸವನ್ನು ಇನ್ನೊಂದು ಪೂರ್ತಿಯಾಗಿ ಮಾಡಲಾರದು.

೬

ಈ ವಿಭಾಗವನ್ನು ಕಲಸಿಬಿಡುವ ಸಾಧನವೊಂದು ಇಪ್ಪತ್ತೊಂದನೆಯ ಶತಮಾನದಲ್ಲಿ ಹುಟ್ಟಿಕೊಂಡಿದೆ. ಅಂಗೈಯ ದೂರವಾಣಿಯಲ್ಲಿ ಬರುವ ಸಂದೇಶವು ರೂಪದಲ್ಲಿ ಸಂಭಾಷಣೆ, ವೇಷದಲ್ಲಿ ವಾರ್ತೆ. ಅದನ್ನು ಕಳುಹಿಸಿದವನು ಪರಿಚಿತ. ಮೊದಲು ಬರೆದವನು ಅಜ್ಞಾತ. ಪರಿಚಿತನ ಮೇಲಣ ವಿಶ್ವಾಸವು ಅಜ್ಞಾತನ ಮಾತಿಗೆ ಸಲ್ಲುತ್ತದೆ. ೨೦೧೮ರಲ್ಲಿ ಮಕ್ಕಳ ಕಳ್ಳರನ್ನು ಕುರಿತ ಸುಳ್ಳು ಸಂದೇಶಗಳು ಭಾರತದ ಅನೇಕ ಕಡೆಗಳಲ್ಲಿ ಕೊಲೆಗಳಿಗೆ ಕಾರಣವಾದವು. ಆ ವರ್ಷದ ಜುಲೈಯಲ್ಲಿ ಬೀದರ ಜಿಲ್ಲೆಯಲ್ಲಿಯೂ ನಿರಪರಾಧಿಯಾದ ಪ್ರಯಾಣಿಕನೊಬ್ಬನು ಗುಂಪಿನ ಕೈಯಲ್ಲಿ ಮಡಿದನು. ಅದೇ ತಿಂಗಳಲ್ಲಿ ವಾಟ್ಸ್‌ಆಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ರವಾನಿಸದಂತೆ ಮಿತಿ ಕಲ್ಪಿಸುವುದಾಗಿ ಪ್ರಕಟಿಸಿತು.

ಗಾಳಿಸುದ್ದಿಯು ಹೊಸದಲ್ಲ, ಜಗಲಿಯ ಮೇಲೆಯೂ ಸುಳ್ಳು ಹುಟ್ಟುತ್ತಿತ್ತು. ಆದರೆ ಅಲ್ಲಿ ‘ಹೇಳಿದವರು ಯಾರು?’ ಎಂದು ಕೇಳುವ ಒಬ್ಬ ಮುದುಕನಾದರೂ ಇರುತ್ತಿದ್ದನು. ಹೇಳಿದವನು ಮರುದಿನವೂ ಅದೇ ಬೀದಿಯಲ್ಲಿ ತಲೆಯೆತ್ತಿ ನಡೆಯಬೇಕಾಗಿತ್ತು. ಪತ್ರಿಕೆಯಲ್ಲಿಯಾದರೆ ಸಂಪಾದಕನ ಹೆಸರು ಅಚ್ಚಾಗಿರುತ್ತದೆ; ಅವನು ನ್ಯಾಯಸ್ಥಾನಕ್ಕೆ ಉತ್ತರವಾದಿ. ಜಗಲಿಗೆ ಮರ್ಯಾದೆಯ ಅಂಕೆ, ಪತ್ರಿಕೆಗೆ ಶಾಸನದ ಅಂಕೆ. ರವಾನೆಯ ಸಂದೇಶವು ಎರಡು ಅಂಕೆಗಳನ್ನೂ ತಪ್ಪಿಸಿಕೊಂಡಿದೆ. ಇದು ಜನರನ್ನು ಕಾರ್ಯಕ್ಕೆ ಹಚ್ಚುವುದಿಲ್ಲವೆನ್ನುವಂತಿಲ್ಲ. ಬಹು ಬೇಗನೆ ಹಚ್ಚುತ್ತದೆ. ಸರಪಣಿಯ ಮೊದಲ ಕೊಂಡಿಯಿಂದ ಕಡೆಯ ಕೊಂಡಿಗೆ ಒಂದೇ ನೆಗೆತ. ನಡುವೆ ನಿಂತು ವಿಚಾರಿಸುವ ಅಭಿಪ್ರಾಯವೆಂಬ ಕೊಂಡಿಯೇ ಲುಪ್ತವಾಗಿದೆ. ಆದಕಾರಣ ಪಾಲುಗೊಂಡವರ ಸಂಖ್ಯೆಯೊಂದರಿಂದಲೇ ಪ್ರಜಾಪ್ರಭುತ್ವದ ಆರೋಗ್ಯವನ್ನು ಅಳೆಯುವ ಪದ್ಧತಿಯು ಅಪೂರ್ಣವಾದುದು. ಎಷ್ಟು ಮಂದಿ ಬಂದರು ಎಂಬುದರೊಡನೆ ಏನನ್ನು ವಿಚಾರಿಸಿ ಬಂದರು ಎಂಬುದನ್ನೂ ಕೇಳಬೇಕು.

೭

ಇಷ್ಟು ವಿಚಾರದಿಂದ ತಾರ್ದನ ವಾದದಲ್ಲಿ ಉಳಿಯುವುದೇನು, ಬಿಡಬೇಕಾದುದೇನು ಎಂಬುದು ಗೊತ್ತಾಗುತ್ತದೆ. ಮಾತಿಲ್ಲದ ಪತ್ರಿಕೆಯು ನಿಷ್ಫಲವೆಂಬುದು ಉಳಿಯುತ್ತದೆ. ಪತ್ರಿಕೆಯೇ ಸದಾ ಮೊದಲು ಎಂಬ ಕ್ರಮವನ್ನು ಬಿಡಬೇಕು. ಪ್ರಯೋಜನದ ಮಾತು ಸಂಭಾಷಣೆಯಲ್ಲವೆಂಬ ಲಕ್ಷಣವನ್ನೂ ಬಿಡಬೇಕು. ಹೊಸ ಪ್ರಜಾಪ್ರಭುತ್ವದಲ್ಲಿ ಪೌರನು ಹೊಟ್ಟೆಪಾಡಿನ ಮಾತಿನಿಂದಲೇ ತೊಡಗುತ್ತಾನೆ. ಅದನ್ನು ಲೋಕದ ಮಾತಾಗಿ ಹಿಗ್ಗಿಸುವುದು ಪತ್ರಿಕೆಯ ಕೆಲಸ. ಇವೆರಡಕ್ಕೂ ಮೂರನೆಯದೊಂದನ್ನು ಸೇರಿಸಬೇಕು. ಅದೇ ಸಮಾನತೆ. ಎದುರಾಡಲು ಅಂಜುವವನೊಡನೆ ನಡೆಯುವ ಮಾತು ಸಂಭಾಷಣೆಯಲ್ಲ.

ಡಿ.ವಿ. ಗುಂಡಪ್ಪನವರ (೧೮೮೭–೧೯೭೫) ಸಾರ್ವಜನಿಕ ಜೀವನವು ಈ ತತ್ತ್ವಕ್ಕೆ ಒಂದು ವ್ಯಾಖ್ಯಾನದಂತಿದೆ. ೧೯೧೩ರಲ್ಲಿ ‘ಕರ್ನಾಟಕ’ವೆಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದ ಅವರು ಪತ್ರಿಕಾಧರ್ಮವನ್ನು ಕುರಿತು ‘ವೃತ್ತಪತ್ರಿಕೆ’ ಎಂಬ ಗ್ರಂಥವನ್ನೂ ಬರೆದರು. ಅಷ್ಟರಿಂದ ಸಾಲದೆಂದು ತೋರಿದುದರಿಂದಲೋ ಏನೋ, ೧೯೪೫ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿ, ಓದಿದುದನ್ನು ಜನರು ಕುಳಿತು ಚರ್ಚಿಸುವುದಕ್ಕೆ ಒಂದು ಸ್ಥಳವನ್ನು ಕಲ್ಪಿಸಿದರು. ವಾರ್ತೆಯನ್ನು ಹಂಚಿದವರೇ ಸಂಭಾಷಣೆಗೂ ಮನೆ ಕಟ್ಟಿದರು. ಅಂಥ ಮನೆಗಳ ಭಾರವು ಇಂದು ಹೆಚ್ಚಾಗಿ ಶಾಲಾ ಕಾಲೇಜುಗಳ ಭಾಷಾಧ್ಯಾಪಕರ ಮೇಲೆ ಬಿದ್ದಿದೆ. ಒಂದು ಪದ್ಯದ ಅರ್ಥವನ್ನು ಕುರಿತು ಗುರುವಿನೊಡನೆ ನಿರ್ಭಯವಾಗಿ ವಾದಿಸಲು ಕಲಿತ ವಿದ್ಯಾರ್ಥಿಯು, ನಾಳೆ ಒಂದು ಸುದ್ದಿಯನ್ನು ಕೇಳಿದಾಗ, ಅದನ್ನು ಹೇಳಿದವರು ಯಾರು, ಅದಕ್ಕೆ ಆಧಾರವೇನು ಎಂದು ಕೇಳಬಲ್ಲನು. ಸುದ್ದಿಯು ಶುದ್ಧಿಯಾಗುವುದು ಆ ಪ್ರಶ್ನೆಯಿಂದಲೇ.